ಬರ್ಲಿನ್ನಿಗೆ ಬೆನ್ನು ತಿರುಗಿಸಿದ ಕರ್ನಲ್: ವಿಲಿಸ್ ಯಾನುಮ್ಸ್ ಪ್ರಕರಣ

1945ರ ಏಪ್ರಿಲ್ 16ರಂದು ಸೋವಿಯತ್ ಸೈನ್ಯ ಓಡರ್ ನದಿಯ ದಂಡೆಯಿಂದ ಬರ್ಲಿನ್ನಿನ ಮೇಲೆ ಕೊನೆಯ ದಾಳಿಗಿಳಿಯಿತು. ಜರ್ಮನ್ ಸೇನಾ ನಾಯಕತ್ವ ಕೈಗೆ ಸಿಕ್ಕ ದಂಡುಗಳನ್ನೆಲ್ಲ ನಗರದ ಪೂರ್ವಕ್ಕೆ ಅಟ್ಟುತ್ತಿತ್ತು. ಹಾಗೆ ಅಟ್ಟಿದವುಗಳಲ್ಲಿ ಒಂದು, ಬಾಲ್ಟಿಕ್ ಕಡಲ ದಂಡೆಯ ಪುಟ್ಟ ದೇಶ ಲಾಟ್ವಿಯಾದವರ ತುಕಡಿ. ನಾಜಿ ಪಕ್ಷದ ಎಸ್‌ಎಸ್ ಸಂಘಟನೆಯ ಸೇನಾ ವಿಭಾಗವಾದ ವಾಫೆನ್-ಎಸ್‌ಎಸ್‌ನ 15ನೇ ಡಿವಿಜನ್ನಿನಲ್ಲಿ ಅಳಿದುಳಿದ ಬೆಟಾಲಿಯನ್ನುಗಳನ್ನು ಕೂಡಿಸಿ ಕಟ್ಟಿದ ಈ ತುಕಡಿಯ ಮುಖ್ಯಸ್ಥ ವಿಲಿಸ್ ಯಾನುಮ್ಸ್. ವಯಸ್ಸು 51. ಲಾಟ್ವಿಯನ್ ಸೈನಿಕರಿಗೆ ಆತ ಇಂದಿಗೂ ‘ಕರ್ನಲ್ ಯಾನುಮ್ಸ್’.

ಬರ್ಲಿನ್ ರಕ್ಷಣೆಗೆಂದು ಬಂದ ಯಾನುಮ್ಸ್ ಬರ್ಲಿನ್ನಿನೊಳಗೆ ಹೋಗಲಿಲ್ಲ. ತನ್ನವರನ್ನು ಕಟ್ಟಿಕೊಂಡು ನಗರವನ್ನು ದಕ್ಷಿಣದಿಂದ ಬಳಸಿ ಪಶ್ಚಿಮಕ್ಕೆ ನಡೆದ. ಎರಡು ಸೋವಿಯತ್ ಸೇನಾವ್ಯೂಹಗಳು ಬರ್ಲಿನ್ನಿನ ಕೊರಳಿಗೆ ಉರುಳು ಬಿಗಿಯುತ್ತಿದ್ದ ದಿನಗಳವು. ಏಪ್ರಿಲ್ 27ರಂದು, ಎಲ್ಬೆ ನದಿಗೆ ಹತ್ತಿರದ ಗ್ಯೂಟರ್‌ಗ್ಲ್ಯೂಕ್ ಎಂಬ ಸಣ್ಣ ಊರಿನಲ್ಲಿ, 824 ಜನರೊಂದಿಗೆ ಅಮೆರಿಕನ್ ಸೈನ್ಯಕ್ಕೆ ಶರಣಾದ. ಹಿಟ್ಲರ್ ಇನ್ನೂ ಬದುಕಿದ್ದ. ಸೇನೆ ಬಿಟ್ಟು ಓಡಿದವರನ್ನು ಬೀದಿಬದಿಯ ಮರಗಳಿಗೆ ನೇಣು ಹಾಕುತ್ತಿದ್ದ ಕಾಲ.

ಯಾನುಮ್ಸ್‌ನಂಥ ಅಧಿಕಾರಿಗಳ ಬಗ್ಗೆ ಎರಡು ಮಾತುಗಳು ಗಟ್ಟಿ ದನಿಯಲ್ಲಿ ಕೇಳಿಬರುತ್ತವೆ. ಎಸ್‌ಎಸ್ ಸಮವಸ್ತ್ರ ತೊಟ್ಟವನು ನಾಜಿ, ಅಲ್ಲಿಗೆ ಮುಗಿಯಿತು ಎನ್ನುವುದು ಒಂದು. ತಾಯ್ನಾಡಿಗಾಗಿ ಹೋರಾಡಿದ ವೀರ, ಬಟ್ಟೆ ಯಾರದ್ದಾದರೇನು ಎನ್ನುವುದು ಇನ್ನೊಂದು. ಎರಡೂ ಮಾತಿಗೆ ಆ ವ್ಯಕ್ತಿಯ ಬದುಕನ್ನು ಓದುವ ಅಗತ್ಯವೇ ಬೀಳುವುದಿಲ್ಲ, ನನ್ನ ತಕರಾರು ಅದೇ. ಅನ್ಯರ ಆಳ್ವಿಕೆಯಲ್ಲಿದ್ದ ಪುಟ್ಟ ದೇಶದ ಅಧಿಕಾರಿಯೊಬ್ಬನನ್ನು ತೂಗಬೇಕಾದರೆ ಕೇಳಬೇಕಾದದ್ದು ಇಷ್ಟು: ಯಾವ ತೀರ್ಮಾನ ಆತನ ಕೈಯಲ್ಲಿತ್ತು, ಯಾವುದು ಇರಲಿಲ್ಲ, ಕೈಯಲ್ಲಿದ್ದಾಗ ಏನು ಮಾಡಿದ? ಯಾನುಮ್ಸ್ ಪ್ರಕರಣವನ್ನು ಈ ಪ್ರಶ್ನೆ ಇಟ್ಟುಕೊಂಡು ನೋಡುತ್ತೇನೆ. ಪಕ್ಕದಲ್ಲಿ ಅದೇ ಸೇನೆಯ ಬೇರೆ ಅಧಿಕಾರಿಗಳನ್ನೂ ನಿಲ್ಲಿಸಿಕೊಳ್ಳುತ್ತೇನೆ, ಹೋಲಿಕೆಯಿಲ್ಲದೆ ತೂಕ ಸಿಗುವುದಿಲ್ಲ.

ನೆನಪಿನಲ್ಲಿದ್ದ ಮೊದಲ ಯುದ್ಧ

ಯಾನುಮ್ಸ್ ಹುಟ್ಟಿದ್ದು 1894ರಲ್ಲಿ, ಆಗ ಲಾಟ್ವಿಯಾ ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಮೊದಲ ಮಹಾಯುದ್ಧ ಕಂಡ ತಲೆಮಾರು ಅದು. 1918ರ ನವೆಂಬರ್ 18ರಂದು ಸ್ವಾತಂತ್ರ್ಯ ಸಾರಿದ ಲಾಟ್ವಿಯಾ ಮುಂದಿನ ಎರಡು ವರ್ಷ ಅದನ್ನು ಉಳಿಸಿಕೊಳ್ಳಲು ಬಡಿದಾಡಿತು, ಒಮ್ಮೆ ರಷ್ಯಾದ ಕಮ್ಯುನಿಸ್ಟರಾದ ಬೋಲ್ಶೆವಿಕರ ಎದುರು, ಒಮ್ಮೆ ಜರ್ಮನ್ನರ ಎದುರು. 1919ರ ಶರತ್ಕಾಲದಲ್ಲಿ ಬೆರ್ಮಾಂಟ್‌ನ ಜರ್ಮನ್–ರಷ್ಯನ್ ದಂಡು ರಾಜಧಾನಿ ರೀಗಾ ನಗರದ ಬಾಗಿಲಿಗೇ ಬಂದಾಗ ಬ್ರಿಟಿಷ್ ಯುದ್ಧನೌಕೆಗಳ ಫಿರಂಗಿಗಳು ನೆರವಿಗೆ ಬಂದವು. ನವೆಂಬರ್ 11ರಂದು ಆ ದಂಡು ಸೋತು ಹಿಂದೆ ಸರಿಯಿತು.

ಈ ಹಳೆಯ ಕಥೆಯನ್ನು ಇಷ್ಟು ಹೇಳುವುದಕ್ಕೆ ಕಾರಣವಿದೆ. 1943ರಲ್ಲಿ ಜರ್ಮನ್ ಪಡೆ ಸೇರಿದ ಹಿರಿಯ ಲಾಟ್ವಿಯನ್ ಅಧಿಕಾರಿಗಳ ತಲೆಯಲ್ಲಿ ಓಡುತ್ತಿದ್ದುದು 1919ರ ಲೆಕ್ಕವೇ. ರಷ್ಯಾ ಮತ್ತು ಜರ್ಮನಿ ಎರಡೂ ಬಳಲಿ ಕುಸಿದಾಗ ನಡುವೆ ಒಂದು ಸಂದು ತೆರೆಯುತ್ತದೆ, ಆಗ ಕೈಯಲ್ಲಿ ಆಯುಧ ಹಿಡಿದ ಲಾಟ್ವಿಯನ್ನರು ಇರಬೇಕು, ಸಮುದ್ರದ ಕಡೆಯಿಂದ ಬ್ರಿಟಿಷರು ಬರುತ್ತಾರೆ. ಸಾಮಾನ್ಯ ಸೈನಿಕರು ಹಾಡುತ್ತಿದ್ದ ಹಾಡೊಂದರ ಸಾರವೂ ಇದೇ ಆಗಿತ್ತು: ಮೊದಲು ಪೂರ್ವದವರನ್ನು ಬಡಿಯೋಣ, ಆಮೇಲೆ ಈ ನೀಲಿ-ಬೂದು ಬಟ್ಟೆಯವರನ್ನು. ನೀಲಿ-ಬೂದು ಎಂದರೆ ಜರ್ಮನ್ನರು. ಜರ್ಮನ್ ಸಮವಸ್ತ್ರ ತೊಟ್ಟೇ ಹಾಡುತ್ತಿದ್ದರು. ಆದರೆ ಈ ಬಾರಿಯ ಯುದ್ಧದಲ್ಲಿ ಬ್ರಿಟನ್ ಸ್ಟಾಲಿನ್ನನ ಜೊತೆಗಾರ. ಹೊಸ ಯುದ್ಧಕ್ಕೆ ಹಳೆಯ ನಕ್ಷೆ ಹಿಡಿದು ಹೊರಟ ತಲೆಮಾರು ಇದು.

1940ರ ಜೂನ್ 17ರಂದು ಸೋವಿಯತ್ ಸೈನ್ಯ ಲಾಟ್ವಿಯಾದೊಳಗೆ ಬಂತು. ಲಾಟ್ವಿಯನ್ ಸೇನೆಯನ್ನು ಒಡೆದು ಕೆಂಪು ಸೇನೆಯ ಒಂದು ಕೋರ್ ಆಗಿ ಮಾಡಲಾಯಿತು. ಮರುವರ್ಷ ಜೂನ್ 14ರ ರಾತ್ರಿ ಸುಮಾರು 15,000 ಜನರನ್ನು, ಹಸುಳೆಗಳು ಮುದುಕರೆನ್ನದೆ, ರೈಲುಗಳಿಗೆ ತುಂಬಿ ಸೈಬೀರಿಯಾಕ್ಕೆ ಸಾಗಿಸಿದರು. ಅದೇ ದಿನ ಲಿತೆನೆಯ ಬೇಸಿಗೆ ಶಿಬಿರದಲ್ಲಿ ಕವಾಯತಿನ ನೆಪದಲ್ಲಿ ಲಾಟ್ವಿಯನ್ ಅಧಿಕಾರಿಗಳನ್ನು ಕಾಡಿನೊಳಗೆ ಕರೆದೊಯ್ದು ಆಯುಧ ಕಸಿದುಕೊಂಡರು. ನೂರಾರು ಅಧಿಕಾರಿಗಳು ಉತ್ತರಧ್ರುವ ವಲಯದ ನೊರಿಲ್ಸ್ಕ್‌ಗೆ ಹೋದರು, ಹೆಚ್ಚಿನವರು ತಿರುಗಿ ಬರಲಿಲ್ಲ. ಉಳಿದ ಅಧಿಕಾರಿ ವರ್ಗದ ಎದೆಯಲ್ಲಿ ಆ ದಿನ ಕೂತುಬಿಟ್ಟಿತು. ಒಂದೇ ವಾರದ ಬಳಿಕ ಜರ್ಮನ್ ದಾಳಿ ಶುರುವಾಯಿತು. ಜುಲೈ 1ರಂದು ರೀಗಾ ಜರ್ಮನ್ನರ ವಶವಾಯಿತು.

1941: ಆಯ್ಕೆ ಕೈಯಲ್ಲಿದ್ದ ಬೇಸಿಗೆ

ಇಲ್ಲಿ ಯಾನುಮ್ಸ್‌ನನ್ನು ಸ್ವಲ್ಪ ಬದಿಗಿಟ್ಟು ವೋಲ್ಡೆಮಾರ್ಸ್ ವೆಯ್ಸ್ ಎಂಬ ಇನ್ನೊಬ್ಬ ಅಧಿಕಾರಿಯನ್ನು ನೋಡಬೇಕು. 1899ರಲ್ಲಿ ಹುಟ್ಟಿದವ, ಸ್ವತಂತ್ರ ಲಾಟ್ವಿಯಾದ ಸೇನಾ ಪ್ರತಿನಿಧಿಯಾಗಿ ಹೊರದೇಶದಲ್ಲಿ ಕೆಲಸ ಮಾಡಿದವ. ಜರ್ಮನ್ನರು ರೀಗಾಕ್ಕೆ ಕಾಲಿಟ್ಟ ದಿನವೇ ವೆಯ್ಸ್ ರೇಡಿಯೋದಲ್ಲಿ ಮಾತನಾಡಿದ, ಒಳಗಿನ ಶತ್ರುಗಳ ವಿರುದ್ಧ ಏಳಿ ಎಂದು ಕರೆಕೊಟ್ಟ. ಜರ್ಮನ್ನರ ಕೈಕೆಳಗಿನ ಸಹಾಯಕ ಪೊಲೀಸ್ ದಳದ ಹೊಣೆ ಹೊತ್ತ. ಆಗ ಯಾರೂ ಆತನನ್ನು ಭರ್ತಿ ಮಾಡಿರಲಿಲ್ಲ. ಕಡ್ಡಾಯದ ಆದೇಶ ಬರಲು ಇನ್ನೂ ಒಂದೂವರೆ ವರ್ಷವಿತ್ತು.

‘ಒಳಗಿನ ಶತ್ರು’ ಎಂದರೆ ಯಾರೆಂದು ಆ ತಿಂಗಳೇ ಗೊತ್ತಾಯಿತು. ವಿಕ್ಟೋರ್ಸ್ ಅರಾಯ್ಸ್ ಎಂಬ ಲಾಟ್ವಿಯನ್ನನ ‘ಕಮಾಂಡೋ’ ದಳ ಊರೂರು ತಿರುಗಿ ಯಹೂದಿಗಳನ್ನು ಗುಂಡಿಟ್ಟು ಕೊಂದಿತು. ಆ ಒಂದೇ ಗುಂಪಿನ ಕೈಯಲ್ಲಿ ಸತ್ತವರು ಸುಮಾರು 26,000 ಎಂದು ಇತಿಹಾಸಕಾರರ ಲೆಕ್ಕ. ನವೆಂಬರ್ 30 ಮತ್ತು ಡಿಸೆಂಬರ್ 8ರಂದು ಎಸ್‌ಎಸ್ ಜನರಲ್ ಫ್ರೀಡ್ರಿಶ್ ಯೆಕೆಲ್ನ್‌ನ ಏರ್ಪಾಟಿನಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ರೀಗಾ ಗೆಟ್ಟೋದ ಸುಮಾರು 25,000 ಜನರನ್ನು ಹತ್ತಿರದ ರುಂಬುಲಾ ಕಾಡಿಗೆ ನಡೆಸಿಕೊಂಡು ಹೋಗಿ ಹೊಂಡಗಳ ಅಂಚಿನಲ್ಲಿ ಮುಗಿಸಿದರು. ಗುಂಡು ಹಾರಿಸಿದವರು ಜರ್ಮನ್ನರು, ದಾರಿ ಕಾದವರಲ್ಲಿ ಲಾಟ್ವಿಯನ್ ಪೊಲೀಸರಿದ್ದರು. ಯುದ್ಧ ಮುಗಿಯುವ ಹೊತ್ತಿಗೆ ಲಾಟ್ವಿಯಾದಲ್ಲಿ ಸಿಕ್ಕಿಬಿದ್ದ ಸುಮಾರು 70,000 ಯಹೂದಿಗಳು ಇಲ್ಲವಾಗಿದ್ದರು. ಲಾಟ್ವಿಯನ್ ಅಧಿಕಾರಿಯ ಯುದ್ಧಕಾಲದ ಬದುಕನ್ನು ಬರೆಯುವವರು ಈ ಸಾಲುಗಳನ್ನು ದಾಟಿ 1943ಕ್ಕೆ ಹಾರುವುದನ್ನು ಎಷ್ಟೋ ಕಡೆ ಓದಿದ್ದೇನೆ. ಅದು ನನಗೆ ಸಹಿಸಲಾಗದ ವಿಷಯ.

ಅದೇ ವೆಯ್ಸ್ 1944ರ ಫೆಬ್ರವರಿಯಲ್ಲಿ ಜರ್ಮನಿಯ ನೈಟ್ಸ್ ಕ್ರಾಸ್ ಶೌರ್ಯಪದಕ ಪಡೆದ ಮೊದಲ ಲಾಟ್ವಿಯನ್ ಆದ. ಏಪ್ರಿಲ್ 17ರಂದು ಗಾಯಗಳಿಂದ ಸತ್ತ. ರೀಗಾದಲ್ಲಿ ಯೋಧರಿಗೆಂದೇ ಇರುವ ಸಹೋದರರ ಸ್ಮಶಾನದಲ್ಲಿ ಮಣ್ಣಾದ. ಧೈರ್ಯವಂತ ಸೈನಿಕನಾಗಿದ್ದ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ 1944ರ ಪದಕ 1941ರ ರೇಡಿಯೋ ಮಾತನ್ನು ಅಳಿಸುವುದಿಲ್ಲ.

‘ಸ್ವಯಂಸೇವಕ’ ಎಂಬ ಹೆಸರಿನ ಕಡ್ಡಾಯ

1943ರ ಫೆಬ್ರವರಿ 10ರಂದು ಲಾಟ್ವಿಯನ್ ಸ್ವಯಂಸೇವಕರ ಎಸ್‌ಎಸ್ ಲೀಜನ್, ಅಂದರೆ ಸೇನಾಪಡೆ, ಕಟ್ಟಲು ಹಿಟ್ಲರ್ ಆದೇಶ ಕೊಟ್ಟ. ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನ್ ಸೈನ್ಯ ಸೋತು ಆಗಿನ್ನೂ ಒಂದು ವಾರ. ಹೆಸರಿನಲ್ಲಿ ‘ಸ್ವಯಂಸೇವಕ’ ಎಂದಿತ್ತು, ಕೈಗೆ ಬಂದದ್ದು ಕರೆಪತ್ರ. 1919ರಿಂದ 1924ರ ನಡುವೆ ಹುಟ್ಟಿದ ಗಂಡಸರನ್ನು ಮೊದಲು ಕರೆದರು. ಅವರ ಮುಂದಿದ್ದ ದಾರಿಗಳು ಲೀಜನ್, ಜರ್ಮನ್ ಸೇನೆಯ ಸಹಾಯಕ ಕೆಲಸ, ಇಲ್ಲವೇ ಯುದ್ಧ ಕಾರ್ಖಾನೆ. ತಪ್ಪಿಸಿಕೊಂಡರೆ ಶಿಕ್ಷೆ. 1907ರ ಹೇಗ್ ಒಪ್ಪಂದದ ಪ್ರಕಾರ ಆಕ್ರಮಿತ ನೆಲದ ಜನರಿಂದ ಶತ್ರುರಾಷ್ಟ್ರಕ್ಕೆ ನಿಷ್ಠೆಯ ಪ್ರಮಾಣ ಹಾಕಿಸುವುದೇ ನಿಷಿದ್ಧ. ಹಾಗಾಗಿ ಕಾಗದದ ಮೇಲೆ ಎಲ್ಲರೂ ಸ್ವಯಂಸೇವಕರಾಗಲೇಬೇಕಿತ್ತು. ಯುದ್ಧ ಮುಗಿಯುವಷ್ಟರಲ್ಲಿ ಜರ್ಮನ್ ಪಡೆಗಳ ನಾನಾ ಶಾಖೆಗಳಲ್ಲಿದ್ದ ಲಾಟ್ವಿಯನ್ನರು ಒಂದು ಲಕ್ಷಕ್ಕೂ ಹೆಚ್ಚು. ದೇಶದ ಜನಸಂಖ್ಯೆ ಇಪ್ಪತ್ತು ಲಕ್ಷದ ಆಸುಪಾಸು.

ಎಸ್‌ಎಸ್ ಎಂಬ ಹೆಸರು ಮಾತ್ರದಿಂದ ಯಾರು ಏನೆಂದು ತೀರ್ಮಾನಿಸಲು ಬರುವುದಿಲ್ಲ ಎಂಬುದಕ್ಕೆ ನಮ್ಮ ನೆನಪಿಗೆ ಹತ್ತಿರದ ಉದಾಹರಣೆಯೂ ಇದೆ. ಸುಭಾಷ್ ಚಂದ್ರ ಬೋಸ್ ಜರ್ಮನಿಯಲ್ಲಿ ಭಾರತೀಯ ಯುದ್ಧಕೈದಿಗಳಿಂದ ಕಟ್ಟಿಸಿದ ಆಜಾದ್ ಹಿಂದ್ ಲೀಜನ್ನನ್ನು, ಬೋಸ್ ಅಲ್ಲಿಂದ ಹೊರಟುಹೋದ ಮೇಲೆ, 1944ರ ಆಗಸ್ಟ್‌ನಲ್ಲಿ ವಾಫೆನ್-ಎಸ್‌ಎಸ್‌ಗೆ ವರ್ಗಾಯಿಸಿದರು. ಹೋಲಿಕೆ ಅಷ್ಟಕ್ಕೇ ನಿಲ್ಲಬೇಕು. ಆ ಕೈದಿಗಳ ಊರುಗಳು ಜರ್ಮನ್ ಆಕ್ರಮಣದಲ್ಲಿರಲಿಲ್ಲ, ಅವರ ಮನೆಗೆ ಕರೆಪತ್ರ ಹೋಗಿರಲಿಲ್ಲ.

ಇನ್ನು ಯಾನುಮ್ಸ್. ಇಪ್ಪತ್ತರ ಹುಡುಗನ ಪರವಾಗಿ ‘ಬೇರೆ ದಾರಿಯಿರಲಿಲ್ಲ’ ಎನ್ನಬಹುದು. 1894ರಲ್ಲಿ ಹುಟ್ಟಿದ, ನಕ್ಷೆ ಓದಬಲ್ಲ, ಮೊದಲ ಯುದ್ಧ ಕಂಡ ಅಧಿಕಾರಿಗೆ ಆ ಮಾತು ಅಷ್ಟು ಸಲೀಸಾಗಿ ಹೊಂದುವುದಿಲ್ಲ. ರುಂಬುಲಾದಲ್ಲಿ ಏನಾಯಿತೆಂದು ರೀಗಾಕ್ಕೆಲ್ಲ ಗೊತ್ತಿತ್ತು. ಅದನ್ನು ಮಾಡಿಸಿದ ಯೆಕೆಲ್ನ್ ಆ ಪ್ರದೇಶದ ಎಸ್‌ಎಸ್ ಮತ್ತು ಪೊಲೀಸ್ ಮುಖ್ಯಸ್ಥನಾಗಿ ಇನ್ನೂ ಕುರ್ಚಿಯಲ್ಲಿದ್ದ. ಹಿರಿಯ ಅಧಿಕಾರಿಗಳು ಆ ಯಜಮಾನನನ್ನು ಅರಿತೇ ಸೇರಿದರು. ಹೇಗಿದ್ದರೂ ಹುಡುಗರನ್ನು ಎಳೆದೊಯ್ಯುತ್ತಾರೆ, ನಾವಿಲ್ಲದಿದ್ದರೆ ಅವರನ್ನು ಜರ್ಮನ್ನರು ಫಿರಂಗಿಯ ಬಾಯಿಗೆ ಕೊಡುತ್ತಾರೆ ಎನ್ನುವುದು ಅವರ ಸಮರ್ಥನೆ. ಅದರಲ್ಲಿ ನಿಜವೂ ಇತ್ತು.

ಆದರೆ ಹುಡುಗರನ್ನು ಕಾಯುವ ಅಧಿಕಾರ ಅವರ ಕೈಗೆ ಬಂತೇ? ಲೀಜನ್ನಿನ ಮೇಲೆ ಇನ್ಸ್‌ಪೆಕ್ಟರ್ ಜನರಲ್ ಎಂದು ರುಡೋಲ್ಫ್ಸ್ ಬಾಂಗೆರ್ಸ್ಕಿಸ್‌ನನ್ನು ಕೂರಿಸಿದರು. ಸ್ವತಂತ್ರ ಲಾಟ್ವಿಯಾದ ಯುದ್ಧಮಂತ್ರಿಯಾಗಿದ್ದ ಹಿರಿಯ ಜನರಲ್. ಹುದ್ದೆ ದೊಡ್ಡದು, ಆದರೆ ಒಂದು ಬೆಟಾಲಿಯನ್ನನ್ನೂ ಯುದ್ಧದಲ್ಲಿ ನಡೆಸುವ ಅಧಿಕಾರವಿರಲಿಲ್ಲ. ಲೀಜನ್ನಿನ ಎರಡು ಡಿವಿಜನ್ನುಗಳ, 15ನೇ ಮತ್ತು 19ನೇ, ಕಮಾಂಡರುಗಳು ಸದಾ ಜರ್ಮನ್ನರೇ. ಲಾಟ್ವಿಯನ್ನರಿಗೆ ಸಿಕ್ಕಿದ್ದು ರೆಜಿಮೆಂಟ್ ಮಟ್ಟ. ಯಾನುಮ್ಸ್‌ಗೆ 15ನೇ ಡಿವಿಜನ್ನಿನ 33ನೇ ರೆಜಿಮೆಂಟ್ ಬಂತು. ತೋಳಿನ ಮೇಲೆ ‘ಲಾಟ್ವಿಯಾ’ ಎಂದು ಬರೆದ ಕೆಂಪು-ಬಿಳಿ-ಕೆಂಪು ಗುರಾಣಿ, ಪದವಿಯ ಹೆಸರಿನಲ್ಲಿ ‘ಎಸ್‌ಎಸ್’ ಬದಲು ‘ವಾಫೆನ್’ ಎಂಬ ಪೂರ್ವಪದ. ಜರ್ಮನ್ನರು ಇಂಥ ಗುರುತುಗಳನ್ನು ಧಾರಾಳವಾಗಿ ಕೊಟ್ಟರು. ಸ್ವಾತಂತ್ರ್ಯದ ಮಾತು ಬಂದಾಗ ಮಾತ್ರ ಬಾಯಿ ಬಿಡಲಿಲ್ಲ.

ತರಬೇತಿ ಅರೆಬರೆಯಾಗಿದ್ದಾಗಲೇ, 1943ರ ನವೆಂಬರ್‌ನಲ್ಲಿ, 15ನೇ ಡಿವಿಜನ್ ರಷ್ಯಾದ ಮುಂಚೂಣಿಗೆ ಹೋಯಿತು. 1944ರ ಮಾರ್ಚ್‌ನಲ್ಲಿ ವೆಲಿಕಾಯಾ ನದಿಯ ಬಳಿ ಎರಡೂ ಲಾಟ್ವಿಯನ್ ಡಿವಿಜನ್ನುಗಳು ಮೊದಲ ಬಾರಿಗೆ ಅಕ್ಕಪಕ್ಕ ನಿಂತು ಹೋರಾಡಿದವು. ಮಾರ್ಚ್ 16ರಂದು ಲೀಜನ್ನಿನ ಸ್ಮರಣೆ ಮಾಡುವ ಪದ್ಧತಿ ಬಂದದ್ದು ಅಲ್ಲಿಂದ. ಜುಲೈಯಲ್ಲಿ ಒಪೋಚ್ಕಾ ಬಳಿ ಹಿಂದೆ ಸರಿಯುವಾಗ 15ನೇ ಡಿವಿಜನ್ ಬಹುಪಾಲು ಪುಡಿಯಾಯಿತು. ಅಳಿದುಳಿದವರನ್ನು ಜರ್ಮನಿಗೆ ಸಾಗಿಸಿ, ಇನ್ನೂ ಎಳೆಯ ಹುಡುಗರನ್ನು ತುಂಬಿ ಮತ್ತೆ ಡಿವಿಜನ್ ಎಂದು ಕರೆದರು. 19ನೇ ಡಿವಿಜನ್ ಲಾಟ್ವಿಯಾದ ಕುರ್ಜೆಮೆ ಪ್ರದೇಶದಲ್ಲೇ ಉಳಿಯಿತು. ಯಾನುಮ್ಸ್‌ನವರು ಇನ್ನು ಯಾವ ನೆಲಕ್ಕಾಗಿ ಹೋರಾಡುತ್ತಿದ್ದರು? ತಾಯ್ನಾಡಿನ ಗಡಿ ಕಾಯುವ ವಾದ ಅವರ ಮಟ್ಟಿಗೆ ಅಂದೇ ಮುಗಿದಿತ್ತು.

ಅದೇ ಶರತ್ಕಾಲದಲ್ಲಿ ಕುರ್ಜೆಮೆಯಲ್ಲಿ ಬೇರೊಂದು ಹಾದಿ ಹಿಡಿದವರಿದ್ದರು. ಜನರಲ್ ಯಾನಿಸ್ ಕುರೆಲಿಸ್ ಜರ್ಮನ್ನರ ಅನುಮತಿಯಿಂದಲೇ ಒಂದು ಕಾವಲು ದಳ ಕಟ್ಟಿ, ಒಳಗೊಳಗೇ ಅದನ್ನು ಸ್ವತಂತ್ರ ಲಾಟ್ವಿಯಾದ ಸೈನ್ಯದ ಬೀಜವಾಗಿ ಬೆಳೆಸಲು ಹೊರಟ. ಸ್ವೀಡನ್ ಜೊತೆ ಗುಟ್ಟಿನ ಸಂಪರ್ಕವಿದ್ದ ಲಾಟ್ವಿಯನ್ ಕೇಂದ್ರ ಮಂಡಳಿಯ ನಂಟು ಆ ದಳಕ್ಕಿತ್ತು. ಲೀಜನ್ ಬಿಟ್ಟು ಬಂದವರೂ ಸೇರಿಕೊಂಡರು. 1944ರ ನವೆಂಬರ್ 14ರಂದು ಯೆಕೆಲ್ನ್‌ನ ಪಡೆ ಆ ದಳವನ್ನು ಸುತ್ತುವರಿಯಿತು. ಕ್ರಿಸ್ತಾಪ್ಸ್ ಉಪೆಲ್ನಿಯೆಕ್ಸ್ ಸೇರಿ ಹಲವು ಅಧಿಕಾರಿಗಳನ್ನು ಲಿಯೆಪಾಯಾದಲ್ಲಿ ಗುಂಡಿಟ್ಟು ಕೊಂದರು, ನೂರಾರು ಸೈನಿಕರನ್ನು ಸೆರೆಶಿಬಿರಕ್ಕೆ ಕಳಿಸಿದರು. ಬೇರೆ ಹಾದಿ ಇರಲೇ ಇಲ್ಲ ಎನ್ನುವ ಮಾತಿಗೆ ಉಪೆಲ್ನಿಯೆಕ್ಸ್ ಉತ್ತರವಾಗಿ ನಿಲ್ಲುತ್ತಾನೆ. ಆ ಹಾದಿಗೆ ತೆರಬೇಕಾದ ಬೆಲೆ ಏನೆಂಬುದಕ್ಕೂ ಅವನೇ ಸಾಕ್ಷಿ.

ಪೊಮೆರೇನಿಯಾದಿಂದ ಎಲ್ಬೆವರೆಗೆ

1945ರ ಜನವರಿ ಕೊನೆಯಲ್ಲಿ 15ನೇ ಡಿವಿಜನ್ನನ್ನು ಬಾಲ್ಟಿಕ್ ದಂಡೆಯ ಜರ್ಮನ್ ಪ್ರದೇಶ ಪೊಮೆರೇನಿಯಾದ ಹಿಮದಲ್ಲಿ ಮುನ್ನುಗ್ಗುತ್ತಿದ್ದ ಸೋವಿಯತ್ ಸೈನ್ಯದ ಎದುರಿಗೆ ತಳ್ಳಿದರು. ಡಿವಿಜನ್ನಿನ ಜರ್ಮನ್ ಕಮಾಂಡರ್ ಫಾನ್ ಓಬ್‌ವುರ್ಟ್ಸರ್ ಕೆಲವೇ ದಿನಗಳಲ್ಲಿ ಮುಂಚೂಣಿಯಲ್ಲಿ ಕಾಣೆಯಾದ. ಯಾಸ್ಟ್ರೋವ್, ಫ್ಲೆಡರ್‌ಬಾರ್ನ್ ಊರುಗಳ ಸುತ್ತ ಸಿಕ್ಕಿಬಿದ್ದವರು ಫೆಬ್ರವರಿ 3ರಂದು ಲಾಂಡೆಕ್ ಕಡೆಗೆ ಭೇದಿಸಿಕೊಂಡು ಹೊರಬಿದ್ದಾಗ ದಾರಿಯುದ್ದಕ್ಕೂ ಹೆಣಗಳು ಬಿದ್ದವು. ಲೀಜನ್ನಿನವರ ನೆನಪುಗಳಲ್ಲಿ ಆ ದಿನಕ್ಕಿಂತ ಕರಾಳವಾದದ್ದು ಇಲ್ಲ.

ಪೋಲೆಂಡಿನವರಿಗೆ ಫ್ಲೆಡರ್‌ಬಾರ್ನ್, ಅವರ ಬಾಯಲ್ಲಿ ಪೊಡ್ಗಾಯೆ, ನೆನಪಿರುವುದು ಬೇರೆ ಕಾರಣಕ್ಕೆ. ಜನವರಿ 31ರ ಹೊತ್ತಿಗೆ ಅಲ್ಲಿ ಸೆರೆಸಿಕ್ಕ ಮೂವತ್ತರಷ್ಟು ಪೋಲಿಷ್ ಸೈನಿಕರನ್ನು ಮುಳ್ಳುತಂತಿಯಿಂದ ಕಟ್ಟಿ ಕೊಟ್ಟಿಗೆಯೊಂದರಲ್ಲಿ ಸುಟ್ಟು ಕೊಂದರು. ಈ ಕೃತ್ಯದ ಆರೋಪವನ್ನು ಪೋಲೆಂಡಿನಲ್ಲಿ ಬಹುಕಾಲದಿಂದ 15ನೇ ಡಿವಿಜನ್ನಿನ ಮೇಲೆ ಹೊರಿಸುತ್ತ ಬಂದಿದ್ದಾರೆ. ಅಲ್ಲಿ ಬೇರೆ ಎಸ್‌ಎಸ್ ತುಕಡಿಗಳೂ ಇದ್ದವೆಂಬ ವಾದವಿದೆ. ಯಾನುಮ್ಸ್ ಹೆಸರು ಆ ಆರೋಪಕ್ಕೆ ನೇರವಾಗಿ ಅಂಟಿಕೊಂಡಿಲ್ಲ. ಆದರೂ ಈ ಡಿವಿಜನ್ನಿನ ಕಥೆ ಹೇಳುವಾಗ ಲಾಂಡೆಕ್ ದಾರಿಯ ಹೆಣಗಳನ್ನು ಎಣಿಸಿ ಪೊಡ್ಗಾಯೆಯ ಕೊಟ್ಟಿಗೆಯನ್ನು ಬಿಟ್ಟರೆ ಅದು ಅರ್ಧ ಕಥೆ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ: ಕೊಲ್ಲಲು ಯಹೂದಿಗಳೇ ಉಳಿಯದ ಮೇಲೆ ಅರಾಯ್ಸ್ ಕಮಾಂಡೋದ ಜನ, ಹಳೆಯ ಪೊಲೀಸ್ ಬೆಟಾಲಿಯನ್ನುಗಳ ಜನ, ಲೀಜನ್ನಿನ ಡಿವಿಜನ್ನುಗಳಿಗೆ ಬಂದು ಸೇರಿಕೊಂಡಿದ್ದರು. ಕರೆಪತ್ರ ಬಂದು ಅಳುತ್ತ ಮನೆ ಬಿಟ್ಟ ಹುಡುಗನೂ ಹೊಂಡದ ಅಂಚಿನಲ್ಲಿ ನಿಂತು ಗುಂಡು ಹಾರಿಸಿದವನೂ ಒಂದೇ ಸಾಲಿನಲ್ಲಿ ನಡೆದರು.

ಮಾರ್ಚ್‌ನಲ್ಲಿ ಬಾಲ್ಟಿಕ್ ಕಡಲಿಗೆ ಬೆನ್ನು ಕೊಟ್ಟು ಸಿಕ್ಕಿಕೊಂಡ ಡಿವಿಜನ್ನು ಸಾವಿರಾರು ಜರ್ಮನ್ ನಿರಾಶ್ರಿತರ ನಡುವೆ ಮರಳ ದಂಡೆಯಗುಂಟ ದೀವೆನೋವ್‌ವರೆಗೆ ನಡೆದು ಪಾರಾಯಿತು. ಅಲ್ಲಿಂದ ಉತ್ತರ ಜರ್ಮನಿಯ ಮೆಕ್ಲೆನ್‌ಬುರ್ಗ್. ಅಲ್ಲಿದ್ದಾಗಲೇ ಬಂದದ್ದು ಬರ್ಲಿನ್ ಆದೇಶ.

ಬರ್ಲಿನ್ನಿನ ಪೂರ್ವದಲ್ಲಿ ಯಾನುಮ್ಸ್ ತೆಗೆದುಕೊಂಡ ತೀರ್ಮಾನವನ್ನು ನಾನು ಬಹಳ ದೊಡ್ಡದಾಗಿ ಕಾಣುತ್ತೇನೆ. ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ಮೇಲಿನ ಜರ್ಮನ್ ಕಮಾಂಡರ್ ಆತನ ಬೆನ್ನ ಹಿಂದೆ ಇರಲಿಲ್ಲ. ಸಂಪರ್ಕ ಕಡಿದಿತ್ತು, ಮುಂಚೂಣಿ ಗಂಟೆಗಂಟೆಗೂ ಕದಲುತ್ತಿತ್ತು. ಇನ್ನೂ ಹೋರಾಡಿದರೆ ಲಾಟ್ವಿಯಾಕ್ಕೆ ಒಂದಿಂಚು ನೆಲವೂ ಸಿಗುವುದಿಲ್ಲ. ಸೋವಿಯತ್ ಕೈಗೆ ಸಿಕ್ಕರೆ ‘ತಾಯ್ನಾಡಿನ ದ್ರೋಹಿ’ ಎಂಬ ಹಣೆಪಟ್ಟಿ, ಗುಲಾಗ್ ಎಂಬ ಬಲವಂತದ ದುಡಿಮೆಯ ಶಿಬಿರ. ಜರ್ಮನ್ ಮಿಲಿಟರಿ ಪೊಲೀಸರ ಕೈಗೆ ಸಿಕ್ಕರೆ ನೇಣು. ಉಳಿದದ್ದು ಪಶ್ಚಿಮ. ಕಾಡುಗಳ ನಡುವಿನ ದಾರಿಗಳಲ್ಲಿ, ತುಕಡಿ ಚದುರದಂತೆ, ಆದಷ್ಟು ಕಾಳಗ ತಪ್ಪಿಸಿ ನಡೆಸಿಕೊಂಡು ಹೋದ. ಓಡಿಹೋಗುವವನು ಒಬ್ಬನೇ ಓಡುತ್ತಾನೆ. ಈತ ನೂರಾರು ಜನರನ್ನು ಎಣಿಸಿಕೊಂಡು ಹೋಗಿ ಎಣಿಸಿಯೇ ಒಪ್ಪಿಸಿದ.

ಎಲ್ಲರನ್ನೂ ಒಯ್ಯಲು ಆಗಲಿಲ್ಲ. ಆತನ ಕೈಕೆಳಗೆ ಬಂದಿದ್ದ ಫ್ಯೂಸಿಲಿಯರ್ ಎಂಬ ಕಾಲಾಳು ಬೆಟಾಲಿಯನ್ ಬರ್ಲಿನ್ನಿನ ಪೂರ್ವದ ಎರ್ಕ್ನರ್ ಕಡೆ ಸಿಕ್ಕಿಕೊಂಡು ನಗರದೊಳಕ್ಕೆ ತಳ್ಳಲ್ಪಟ್ಟಿತು. ಆ ಲಾಟ್ವಿಯನ್ನರು ಬೀದಿಬೀದಿಯಲ್ಲಿ ಹಿಂದೆ ಸರಿಯುತ್ತ ಕೊನೆಗೆ ಜರ್ಮನ್ ವಾಯುಪಡೆ ಸಚಿವಾಲಯದ ಕಟ್ಟಡ ಕಾಯುತ್ತ ನಿಂತರು. ಮೇ 1ರಂದು ಜರ್ಮನ್ ಜನರಲ್ ಕ್ರೆಬ್ಸ್ ಸೋವಿಯತ್ ಜನರಲ್ ಚುಯಿಕೋವ್ ಜೊತೆ ಮಾತಿಗೆ ಹೋದಾಗ ರಷ್ಯನ್ ಬಲ್ಲ ಅವರ ಅಧಿಕಾರಿ ನೆಯ್ಲಾಂಡ್ಸ್‌ನನ್ನು ದುಭಾಷಿಯಾಗಿ ಕರೆದೊಯ್ದರು. ಮರುದಿನ ನಗರ ಬಿತ್ತು. ಬದುಕಿದ್ದವರಲ್ಲಿ ಹೆಚ್ಚಿನವರು ಸೋವಿಯತ್ ಸೆರೆಯಾದರು. ಯಾನುಮ್ಸ್ ತೀರ್ಮಾನದ ಬೆಲೆ ಏನೆಂದು ತಿಳಿಯಬೇಕಾದರೆ ಈ ಬೆಟಾಲಿಯನ್ನನ್ನು ನೋಡಬೇಕು. ಒಂದೇ ವಾರ, ಒಂದೇ ಡಿವಿಜನ್, ಎರಡು ಗತಿ.

ಸಮವಸ್ತ್ರ ಕಳಚಿದ ಮೇಲೆ

ಪಶ್ಚಿಮಕ್ಕೆ ಶರಣಾದ ಲಾಟ್ವಿಯನ್ ಕೈದಿಗಳನ್ನು ಬ್ರಿಟಿಷರು ಬೆಲ್ಜಿಯಂನ ಬ್ರೂಗೆ ಬಳಿಯ ಝೆಡೆಲ್ಗೆಮ್ ಶಿಬಿರದಲ್ಲಿ ಇಟ್ಟರು. ಸುಮಾರು 12,000 ಜನ ಅಲ್ಲಿದ್ದರು. 1945ರ ಡಿಸೆಂಬರ್ 28ರಂದು ಆ ಶಿಬಿರದಲ್ಲೇ ‘ದೌಗಾವಾಸ್ ವನಾಗಿ’ ಎಂಬ ಸಂಘ ಹುಟ್ಟಿತು. ದೌಗಾವ ನದಿಯ ಗಿಡುಗಗಳು ಎಂದು ಆ ಹೆಸರಿನ ಅರ್ಥ. ಅಂಗವಿಕಲರಾದ ಸೈನಿಕರಿಗೆ, ಅನಾಥ ಕುಟುಂಬಗಳಿಗೆ ನೆರವಾಗುವುದು ಉದ್ದೇಶ. ಅದರ ನಾಯಕತ್ವ ಯಾನುಮ್ಸ್ ಪಾಲಿಗೆ ಬಂತು. ಮುಂದೆ ಇಂಗ್ಲೆಂಡ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳವರೆಗೆ ಹಬ್ಬಿದ ಸಂಘ ಅದು.

1946ರಲ್ಲಿ, ನಾಜಿ ನಾಯಕರನ್ನು ವಿಚಾರಿಸಿದ ನ್ಯೂರೆಂಬರ್ಗ್ ನ್ಯಾಯಮಂಡಳಿ ಎಸ್‌ಎಸ್ಸನ್ನು ಅಪರಾಧಿ ಸಂಘಟನೆ ಎಂದು ಸಾರುವಾಗ, ಆಯ್ಕೆಯೇ ಇಲ್ಲದಂತೆ ಭರ್ತಿಯಾಗಿ ಅಪರಾಧವೆಸಗದವರನ್ನು ಹೊರಗಿಟ್ಟಿತು. 1950ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನಿರಾಶ್ರಿತರ ಆಯೋಗ, ಬಾಲ್ಟಿಕ್ ದೇಶಗಳ ವಾಫೆನ್-ಎಸ್‌ಎಸ್ ದಂಡುಗಳು ಉದ್ದೇಶದಲ್ಲೂ ಸಿದ್ಧಾಂತದಲ್ಲೂ ಜರ್ಮನ್ ಎಸ್‌ಎಸ್‌ನಿಂದ ಬೇರೆ ಎಂದಿತು. ಸಾವಿರಾರು ನಿರ್ದೋಷಿ ಹುಡುಗರಿಗೆ ಇದರಿಂದ ವಲಸೆಯ ಬಾಗಿಲು ತೆರೆಯಿತು. ತೆರೆಯಬೇಕಾದದ್ದೇ. ಆದರೆ ನ್ಯೂರೆಂಬರ್ಗ್ ವ್ಯಕ್ತಿಯನ್ನು ನೋಡು ಎಂದಿದ್ದರೆ, 1950ರ ಮಾತು ದಂಡನ್ನು ನೋಡಿ ಬಿಡುಗಡೆಯ ಚೀಟಿ ಕೊಟ್ಟಿತು. ದಂಡಿನ ಹೆಸರಿನಲ್ಲಿ 1941ರ ಕೈಗಳೂ ತೊಳೆದುಹೋದವು. ಅರಾಯ್ಸ್ ಹೆಂಡತಿಯ ಕುಲನಾಮ ಇಟ್ಟುಕೊಂಡು ಪಶ್ಚಿಮ ಜರ್ಮನಿಯಲ್ಲಿ 1975ರವರೆಗೆ ನೆಮ್ಮದಿಯಾಗಿದ್ದ. 1979ರಲ್ಲಿ ಹ್ಯಾಂಬರ್ಗ್ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು, 1988ರಲ್ಲಿ ಜೈಲಿನಲ್ಲೇ ಸತ್ತ.

ಯಾನುಮ್ಸ್ ಕೂಡ ಪಶ್ಚಿಮ ಜರ್ಮನಿಯಲ್ಲೇ ನೆಲೆಸಿದ. ತನ್ನ ರೆಜಿಮೆಂಟಿನ ಕಾಳಗಗಳ ಬಗ್ಗೆ ಪುಸ್ತಕ ಬರೆದ. 1981ರಲ್ಲಿ ಮ್ಯೂನ್‌ಸ್ಟರ್‌ನಲ್ಲಿ ತೀರಿಕೊಂಡ. ಲಾಟ್ವಿಯಾ ಮತ್ತೆ ಸ್ವತಂತ್ರವಾದ ಮೇಲೆ ಆತನ ಅವಶೇಷಗಳನ್ನು ತಂದು ರೀಗಾದ ಸಹೋದರರ ಸ್ಮಶಾನದಲ್ಲಿ ಇಟ್ಟರು, ವೆಯ್ಸ್ ಮಲಗಿರುವ ಅದೇ ನೆಲದಲ್ಲಿ. 1998ರಲ್ಲಿ ಲಾಟ್ವಿಯಾದ ಸಂಸತ್ತು ಮಾರ್ಚ್ 16ನ್ನು ಅಧಿಕೃತ ಸ್ಮರಣದಿನ ಮಾಡಿತು, ಹೊರಗಿನಿಂದ ಆಕ್ಷೇಪ ಬಂದು 2000ದಲ್ಲಿ ಕೈಬಿಟ್ಟಿತು. ಜನ ಮಾತ್ರ ಇವತ್ತಿಗೂ ಆ ದಿನ ಹೂವು ಹಿಡಿದು ಬರುತ್ತಾರೆ, ಎದುರಿಗೆ ಪ್ರತಿಭಟಿಸುವವರೂ ಬರುತ್ತಾರೆ.

2018ರಲ್ಲಿ ಝೆಡೆಲ್ಗೆಮ್‌ನಲ್ಲಿ ಆ ಯುದ್ಧಕೈದಿಗಳ ನೆನಪಿಗೆ ಜೇನುಗೂಡಿನ ಆಕಾರದ ಸ್ಮಾರಕವೊಂದು ಎದ್ದಿತು. ಎಸ್‌ಎಸ್‌ನವರಿಗೆ ಸ್ಮಾರಕವೇ ಎಂಬ ಕೂಗೆದ್ದು 2022ರಲ್ಲಿ ಅದನ್ನು ತೆಗೆದರು. ತೆಗೆದದ್ದು ಸರಿಯೆಂದೇ ನನ್ನ ಅನಿಸಿಕೆ. ಅರಾಯ್ಸ್ ಕಮಾಂಡೋದವರು ಬೆರೆತುಹೋಗಿದ್ದ ಡಿವಿಜನ್ನುಗಳ 12,000 ಜನರನ್ನು ಒಟ್ಟಾಗಿ ಗೌರವಿಸುವ ಕಲ್ಲು ಅವರೊಳಗಿದ್ದ ಕೊಲೆಗಾರರನ್ನೂ ಗೌರವಿಸಿಬಿಡುತ್ತದೆ. ಹಾಗೆಂದು ಆ 12,000 ಜನರೂ ಕೊಲೆಗಾರರು ಎನ್ನುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ಯಾನುಮ್ಸ್ ವಿಷಯದಲ್ಲಿ ನನ್ನ ತೂಕ ಹೀಗಿದೆ: 1943ರಲ್ಲಿ ಯೆಕೆಲ್ನ್ ಯಾರೆಂದು ಗೊತ್ತಿದ್ದೂ ಆ ಸೇನೆಯಲ್ಲಿ ರೆಜಿಮೆಂಟ್ ನಡೆಸಲು ಒಪ್ಪಿದ್ದಕ್ಕೆ ಆತ ಉತ್ತರ ಕೊಡಬೇಕಿತ್ತು. 1945ರ ಏಪ್ರಿಲ್‌ನಲ್ಲಿ ತೀರ್ಮಾನ ಕೊನೆಗೂ ತನ್ನ ಕೈಗೆ ಬಂದಾಗ ಹಿಟ್ಲರನ ರಾಜಧಾನಿಗಾಗಿ 824 ಜನರನ್ನು ಬಲಿ ಕೊಡಲು ಒಪ್ಪದೆ ನಡೆಸಿಕೊಂಡು ಹೋದದ್ದಕ್ಕೆ ಆತನಿಗೆ ನನ್ನ ಗೌರವವಿದೆ. ಒಂದರಿಂದ ಇನ್ನೊಂದನ್ನು ಕಳೆಯಲು ನಾನು ಹೋಗುವುದಿಲ್ಲ.